ಅರಣ್ಯದಲ್ಲಿ ತಂತಿ ಎಳೆದ ಸೇನಾನಿ

ದಕ್ಷಿಣ ಅಮೆರಿಕದ ಭೂಪಟದಲ್ಲಿ ಬ್ರೆಜಿಲ್ ದೇಶದ ಪಡುವಣ ಅಂಚಿನ ಮೇಲೆ ಬೆರಳಿಟ್ಟು ನೋಡುತ್ತ ಬಂದರೆ, ಬೊಲಿವಿಯದ ಗಡಿಗೆ ತಗುಲಿಕೊಂಡಂತೆ ರೊಂಡೋನಿಯ ಎಂಬ ಪ್ರಾಂತವೊಂದು ಕಾಣುತ್ತದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಸುಮಾರು ೨,೩೭,೦೦೦ ಚದರ ಕಿಲೋಮೀಟರು. ಅಷ್ಟು ನೆಲದಲ್ಲಿ ೧೯೫೦ರ ಜನಗಣತಿಯವರಿಗೆ ಎಣಿಕೆಗೆ ಸಿಕ್ಕ ಜನ ಸುಮಾರು ೩೭,೦೦೦ ಮಾತ್ರ. ಉಳಿದದ್ದೆಲ್ಲ ಕಾಡು, ಹೊಳೆ, ಮಳೆ. ನಾಡುಗಳಿಗೆ ರಾಜರ ಹೆಸರನ್ನೋ ದಿಗ್ವಿಜಯಿಗಳ ಹೆಸರನ್ನೋ ಇಡುವುದು ಲೋಕರೂಢಿ. ಈ ಪ್ರಾಂತಕ್ಕೂ ಇಟ್ಟಿರುವುದು ಒಬ್ಬ ಸೈನಿಕನ ಹೆಸರನ್ನೇ. ಆದರೆ ಆ ಸೈನಿಕನ ಕೀರ್ತಿ ಅವನು ಗೆದ್ದ ಯುದ್ಧದಿಂದ ಬಂದದ್ದಲ್ಲ. ಹೂಡಲಾರೆನೆಂದ ಯುದ್ಧದಿಂದ ಬಂದದ್ದು.

ಆತನ ಹೆಸರು ಕಾಂಡಿಡೊ ಮರಿಯಾನೊ ದ ಸಿಲ್ವ ರೊಂಡೋನ್. ಹುಟ್ಟಿದ್ದು ೧೮೬೫ರಲ್ಲಿ, ತೀರಿಕೊಂಡದ್ದು ೧೯೫೮ರಲ್ಲಿ. ತನ್ನ ದೇಶದಲ್ಲಿ ಆತ ಮನೆಮಾತು. ನಮ್ಮ ಪಠ್ಯಪುಸ್ತಕಗಳಲ್ಲಿ ಅವನಿಗೆ ಎಡೆ ದೊರೆತುದನ್ನು ನಾನು ಕಂಡಿಲ್ಲ. ಭೂಗೋಳ ಚರಿತ್ರೆಗಳ ಪಾಠ ಹೇಳುತ್ತ ಬಂದ ನನಗೆ ಈತನ ಜೀವನ ಬಹುಕಾಲದಿಂದ ಒಂದು ಪ್ರಶ್ನೆಯಾಗಿ ನಿಂತಿದೆ. ಒಳ್ಳೆಯ ಮನಸ್ಸಿನಿಂದ ಒಬ್ಬನು ಕಾಡಿನೊಳಕ್ಕೆ ದಾರಿ ಕಡಿದುಕೊಟ್ಟನೆನ್ನೋಣ; ಅದೇ ದಾರಿಯಲ್ಲಿ ಅವನ ಹಿಂದೆ ಕೆಟ್ಟ ಮನಸ್ಸಿನವರು ನಡೆದು ಬಂದರೆ, ಆ ಮೊದಲಿನವನನ್ನು ನಾವು ಹೇಗೆ ತೂಗಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವನ ಕಥೆಯನ್ನು ವಾಚಕರಿಗೆ ಹೇಳಬೇಕೆಂದಿದ್ದೇನೆ.

ಮೊದಲು ಆ ನೆಲದ ಮಾತು. ಬ್ರೆಜಿಲಿನ ನಡುಭಾಗದಲ್ಲಿ ಮಾತೊ ಗ್ರೊಸ್ಸೊ ಎಂಬ ಸೀಮೆ ಇದೆ. ಆ ಹೆಸರಿನ ಅರ್ಥವೇ ದಟ್ಟವಾದ ಪೊದೆಗಾಡು ಎಂದು. ಅದರ ಉತ್ತರಕ್ಕೆ ಪರೆಸಿ ಪ್ರಸ್ಥಭೂಮಿ. ಅಲ್ಲಿ ಮಣ್ಣು ಮರಳುಮಣ್ಣು, ಮರಗಳು ಕುಳ್ಳು, ಹುಲ್ಲು ಬಿರುಸು. ಆ ಎತ್ತರದಿಂದ ಬಡಗಣ ದಿಕ್ಕಿಗೆ ಹರಿದಿಳಿಯುವ ಜುರುಎನಾ, ಜಿ-ಪರನಾ ಮುಂತಾದ ನದಿಗಳ ಜೊತೆಯಲ್ಲಿಯೇ ಮಳೆಗಾಡು ಆರಂಭವಾಗುತ್ತದೆ. ಮುಂದೆ ಮದೇರಾ ನದಿಯನ್ನು ಮುಟ್ಟಿ, ಅಮೆಜಾನ್ ಮಹಾರಣ್ಯದೊಳಗೆ ಒಂದಾಗಿ ಹೋಗುತ್ತದೆ. ನದಿಗಳು ಮೆಟ್ಟಿಲು ಮೆಟ್ಟಿಲಾಗಿ ಧುಮುಕುವುದರಿಂದ ದೋಣಿ ಏರಿ ಬರುವುದು ಕಷ್ಟ. ಈ ಕಾರಣದಿಂದಲೇ ಸಾಗರದ ಕಡೆಯ ಬಿಳಿಯರು ನಾನೂರು ವರ್ಷ ಕಳೆದರೂ ಆ ಭಾಗದ ಬಹುಪಾಲನ್ನು ಹೊಕ್ಕು ನೋಡಿರಲಿಲ್ಲ. ಭೂಪಟ ಬರೆಯುವವರು ಅದನ್ನು ಖಾಲಿ ಬಿಟ್ಟಿದ್ದರು.

ಖಾಲಿ ಎಂಬುದು ಭೂಪಟದ ಮಾತು, ನೆಲದ ಮಾತಲ್ಲ. ಪ್ರಸ್ಥಭೂಮಿಯಲ್ಲಿ ಪರೆಸಿ ಜನರಿದ್ದರು; ಮರಗೆಣಸು ಬೆಳೆದು, ಹತ್ತಿ ನೇಯ್ದು, ರಬ್ಬರಿನ ಚೆಂಡನ್ನು ಕೈಕಾಲು ಸೋಕಿಸದೆ ತಲೆಯಿಂದಲೇ ಹೊಡೆದು ಆಡುವವರು. ಅವರಾಚೆ ನಂಬಿಕ್ವಾರಾ ಜನ. ಇವರು ಜೋಲಿಮಂಚವನ್ನೂ ಬಳಸದೆ, ಒಲೆಯ ಬೆಂಕಿಯ ಪಕ್ಕದಲ್ಲಿ ಬರಿಯ ನೆಲದ ಮೇಲೆ ಮಲಗುವವರು. ಇನ್ನೂ ಒಳಗಿನ ಕಾಡಿನಲ್ಲಿ ಸೊಂಟಕ್ಕೆ ಮರದ ತೊಗಟೆಯ ಅಗಲವಾದ ಪಟ್ಟಿ ಸುತ್ತುವ ಜನರಿದ್ದರು; ಹೊರಗಿನವರು ಇವರಿಗೆ ಅನಂತರ ಇಟ್ಟ ಹೆಸರು ಸಿಂತಾ ಲಾರ್ಗಾ, ಎಂದರೆ ಅಗಲಪಟ್ಟಿಯವರು. ಇಂಥ ಹತ್ತಾರು ಜನಾಂಗಗಳು, ಒಂದರ ನುಡಿ ಇನ್ನೊಂದಕ್ಕೆ ತಿಳಿಯದಂತೆ, ವಿರಳವಾಗಿ ಹರಡಿಕೊಂಡು ಬಾಳುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ರಬ್ಬರಿಗೆ ಬೆಲೆ ಏರಿತು. ಹಾಲು ಸುರಿಸುವ ಮರಗಳನ್ನು ಹುಡುಕುತ್ತ ಹೊರಗಿನವರು ನದಿಗಳ ಬಾಯಿಂದ ಮೇಲಕ್ಕೆ ಬರತೊಡಗಿದರು. ಅವರ ಕೈಯಲ್ಲಿ ಬಂದೂಕವಿತ್ತು. ಕಾಡಿನ ಜನರಿಗೆ ಹೊರಗಿನ ಲೋಕದ ಮೊದಲ ಪರಿಚಯ ಅನೇಕ ವೇಳೆ ಅದರ ಬಾಯಿಯಿಂದಲೇ ಆಯಿತು.

ಮಾತೊ ಗ್ರೊಸ್ಸೊ ಸೀಮೆಯ ಮಿಮೋಸೊ ಎಂಬ ಹಳ್ಳಿಯಲ್ಲಿ ೧೮೬೫ರ ಮೇ ೫ರಂದು ರೊಂಡೋನ್ ಹುಟ್ಟಿದನು. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ಅವನು ಇನ್ನೂ ಎಳೆಯ ಮಗುವಾಗಿರುವಾಗಲೇ ತಾಯಿಯೂ ಹೋದಳು. ತಾಯಿಯ ಕಡೆಯಿಂದ ಅವನ ಮೈಯಲ್ಲಿ ಬೊರೊರೊ, ತೆರೆನಾ ಎಂಬ ಆದಿವಾಸಿ ಜನಾಂಗಗಳ ರಕ್ತ ಹರಿಯುತ್ತಿತ್ತು. ತಬ್ಬಲಿಯನ್ನು ಮೊದಲು ಅಜ್ಜ ಸಾಕಿದನು. ಅನಂತರ ಕುಯಬಾ ಪಟ್ಟಣದಲ್ಲಿದ್ದ ಬಂಧುವೊಬ್ಬನು ಕರೆದುಕೊಂಡು ಹೋಗಿ ಶಾಲೆಗೆ ಹಾಕಿದನು. ಆ ಬಂಧುವಿನ ಮನೆತನದ ಹೆಸರೇ ರೊಂಡೋನ್. ಹುಡುಗನು ಕೃತಜ್ಞತೆಯಿಂದ ಅದನ್ನು ತನ್ನ ಹೆಸರಿಗೆ ಸೇರಿಸಿಕೊಂಡನು. ಹದಿನಾರನೆಯ ವಯಸ್ಸಿಗೆ ಉಪಾಧ್ಯಾಯ ಶಿಕ್ಷಣವನ್ನು ಮುಗಿಸಿದವನು ಮೇಷ್ಟರಾಗಿಯೇ ನಿಲ್ಲಬಹುದಾಗಿತ್ತು. ಬಡವನಿಗೆ ಮೇಲಿನ ವಿದ್ಯೆ ಪುಕ್ಕಟೆಯಾಗಿ ಸಿಕ್ಕುವ ಸ್ಥಳವೆಂದರೆ ಸೈನ್ಯ. ಆದುದರಿಂದ ೧೮೮೧ರಲ್ಲಿ ಸೈನಿಕನಾಗಿ ಸೇರಿ ರಿಯೊ ದ ಜನೈರೊ ನಗರದ ಸೈನಿಕ ವಿದ್ಯಾಲಯಕ್ಕೆ ಹೋದನು.

ಅಲ್ಲಿ ಗಣಿತ ಕಲಿಸುತ್ತಿದ್ದ ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಗುರು ಈತನ ಬಾಳನ್ನೇ ತಿರುಗಿಸಿದನು. ಫ್ರಾನ್ಸಿನ ದಾರ್ಶನಿಕ ಆಗಸ್ತ್ ಕೋಂತ್ ಹೇಳಿದ ಪಾಸಿಟಿವಿಸಂ ಮತವು ಆ ದಿನಗಳ ಬ್ರೆಜಿಲ್ ತರುಣರನ್ನು ಮತಧರ್ಮದಂತೆಯೇ ಹಿಡಿದಿತ್ತು. ಮಾನವಕುಲ ದೇವತಾಕಲ್ಪನೆಯ ಹಂತದಿಂದ ತತ್ತ್ವಚಿಂತನೆಯ ಹಂತಕ್ಕೂ, ಅಲ್ಲಿಂದ ವಿಜ್ಞಾನದ ಹಂತಕ್ಕೂ ಏರುತ್ತದೆಂಬುದು ಅದರ ತಿರುಳು. ಇದರಿಂದ ಎರಡು ಬಗೆಯ ತೀರ್ಮಾನಗಳನ್ನು ಮಾಡಬಹುದಿತ್ತು. ಕೆಳಗಿನ ಮೆಟ್ಟಿಲಲ್ಲಿರುವವರನ್ನು ತುಳಿದು ಮುಂದೆ ಹೋಗೋಣವೆಂಬುದು ಒಂದು. ಆ ಮೆಟ್ಟಿಲನ್ನು ನಾವೂ ಹತ್ತಿ ಬಂದವರೇ. ಅಲ್ಲಿರುವವರು ತಮ್ಮ ಹೊತ್ತಿಗೆ ತಾವೇ ಏರಿ ಬರುವರು, ಬಲವಂತ ಪಾಪ ಎಂಬುದು ಇನ್ನೊಂದು. ರೊಂಡೋನನು ಎರಡನೆಯದನ್ನು ಹಿಡಿದು ಸಾಯುವ ತನಕ ಬಿಡಲಿಲ್ಲ. ಅರಸೊತ್ತಿಗೆಯನ್ನು ಕೆಡವಿ ಗಣರಾಜ್ಯವನ್ನು ಸಾರಿದ ೧೮೮೯ರ ನವೆಂಬರಿನ ಕ್ರಾಂತಿಯಲ್ಲಿ ಗುರುವಿನೊಡನೆ ಅವನೂ ಇದ್ದನು. ಗುರುವಿನ ಮೇಲಿನ ಭಕ್ತಿ ಎಷ್ಟೆಂದರೆ, ಮುಂದೆ ತನಗೆ ಹುಟ್ಟಿದ ಮಗನಿಗೆ ಆತ ಬೆಂಜಮಿನ್ ಎಂದೇ ಹೆಸರಿಟ್ಟನು.

ರಾಜಧಾನಿಯಲ್ಲಿಯೇ ಉಳಿದು ವಿದ್ಯಾಲಯದಲ್ಲಿ ಕಲಿಸಿಕೊಂಡಿರುವ ಅವಕಾಶ ಅವನಿಗಿತ್ತು. ಆದರೆ ೧೮೯೦ರಲ್ಲಿ ತಂತಿ ಹಾಕುವ ದಳದೊಡನೆ ಅವನು ತನ್ನ ತವರು ಸೀಮೆಗೆ ಹಿಂದಿರುಗಿದನು. ತಂತಿಗೆ ಆ ದೇಶದಲ್ಲಿ ಎಂಥ ಬೆಲೆಯಿತ್ತೆಂಬುದನ್ನು ತಿಳಿಯಬೇಕಾದರೆ ಹಿಂದಿನ ಒಂದು ಘಟನೆಯನ್ನು ನೆನೆಯಬೇಕು. ೧೮೬೪ರ ಡಿಸೆಂಬರಿನಲ್ಲಿ ಪರಗ್ವೆ ದೇಶದ ಸೇನೆ ಮಾತೊ ಗ್ರೊಸ್ಸೊದೊಳಗೆ ನುಗ್ಗಿದಾಗ ಆ ಸುದ್ದಿ ರಾಜಧಾನಿಯನ್ನು ಮುಟ್ಟಲು ವಾರಗಟ್ಟಲೆ ಹಿಡಿಯಿತು. ಸಾಮಾನುಗಳನ್ನು ಸಾಗಿಸಬೇಕಾದರೆ ಪರದೇಶಗಳ ನಡುವೆ ಹರಿಯುವ ನದಿಯ ಮೇಲೆ ಸುತ್ತಿ ಬರಬೇಕಾಗಿತ್ತು. ತನ್ನ ಮೈಗೇ ಪೆಟ್ಟು ಬಿದ್ದರೂ ತಿಳಿಯದಷ್ಟು ದೊಡ್ಡದಾಗಿ ದೇಶ ಬೆಳೆದಿತ್ತು. ಆ ಮೈಗೆ ನರ ಹೊಂದಿಸುವ ಕೆಲಸ ರೊಂಡೋನನ ಪಾಲಿಗೆ ಬಂದಿತು. ಮೊದಲ ದಳದ ನಾಯಕನಾಗಿದ್ದವನು ಗೋಮೆಸ್ ಕಾರ್ನೇರೊ ಎಂಬ ಅಧಿಕಾರಿ. ತಂತಿಯ ದಾರಿಯಲ್ಲಿ ಆದಿವಾಸಿಗಳನ್ನು ಕೊಲ್ಲುವುದನ್ನು, ಕಾಡುವುದನ್ನು ಆತ ಕಟ್ಟುನಿಟ್ಟಾಗಿ ನಿಷೇಧಿಸಿದ್ದನು. ಶಿಷ್ಯನು ಆ ಆಜ್ಞೆಯನ್ನು ತನ್ನ ವ್ರತವನ್ನಾಗಿ ಮಾಡಿಕೊಂಡನು.

೧೯೦೦ರಿಂದ ೧೯೦೬ರವರೆಗೆ ಬೊಲಿವಿಯ, ಪರಗ್ವೆ ಗಡಿಗಳ ಕಡೆಗೆ ತಂತಿ ಹಾಕಿದಾಗ ಬೊರೊರೊ ಜನರೇ ಬಂದು ಅವನಿಗೆ ನೆರವಾದರು. ಅಷ್ಟರಲ್ಲಿ ೧೯೦೩ರ ಒಪ್ಪಂದದಿಂದ ಆಕ್ರೆ ಎಂಬ ರಬ್ಬರಿನ ಸೀಮೆ ಬ್ರೆಜಿಲಿಗೆ ಸೇರಿತ್ತು. ಕುಯಬಾದಿಂದ ಮದೇರಾ ನದಿಯವರೆಗೆ, ಯಾರೂ ಅಳೆಯದ ಕಾಡಿನ ನಡುವೆ, ತಂತಿ ಎಳೆಯಬೇಕೆಂದು ೧೯೦೭ರಲ್ಲಿ ಸರ್ಕಾರ ನಿಶ್ಚಯಿಸಿತು. ಕೆಲಸ ಹೀಗಿತ್ತು: ಮುಂದೆ ಅಳತೆಯವರು ಹೋಗಿ ದಿಕ್ಕು ಗೊತ್ತುಮಾಡಬೇಕು, ಹಿಂದಿನಿಂದ ಕಡಿಯುವವರು ಮರಗಳನ್ನು ಉರುಳಿಸಿ ಅಗಲವಾದ ಓಣಿಯನ್ನು ತೆಗೆಯಬೇಕು, ಅದೇ ಕಾಡಿನ ಮರದಿಂದ ಕಂಬ ಕಡೆದು ನೆಟ್ಟು, ಪಿಂಗಾಣಿ ಬಟ್ಟಲು ಕೂರಿಸಿ ತಂತಿ ಬಿಗಿಯಬೇಕು. ಎತ್ತುಗಳೂ ಹೇಸರಗತ್ತೆಗಳೂ ಮೇವಿಲ್ಲದೆ ಸಾಯುತ್ತಿದ್ದವು. ಮನುಷ್ಯರು ಮಲೇರಿಯಾದಿಂದ ಸಾಯುತ್ತಿದ್ದರು. ನಿಲ್ಲಿಸಿದ ಕಂಬವನ್ನು ಗೆದ್ದಲು ತಿನ್ನುತ್ತಿತ್ತು, ಬಿಗಿದ ತಂತಿಯ ಮೇಲೆ ಮರ ಬೀಳುತ್ತಿತ್ತು. ಎಂಟು ವರ್ಷಗಳಲ್ಲಿ ಕವಲುಗಳೂ ಸೇರಿ ೨,೨೦೦ ಕಿಲೋಮೀಟರಿಗೂ ಮಿಕ್ಕ ತಂತಿಯನ್ನು ಅವನ ದಳ ಹಾಕಿತು. ಕಾಡಿನ ಜನರು ಅದನ್ನು ಮರಿಯಾನೊನ ನಾಲಿಗೆ ಎಂದು ಕರೆಯುತ್ತಿದ್ದರೆಂದು ಹೇಳಿಕೊಂಡು ಬಂದಿದೆ.

ಈ ಕೆಲಸದ ಮೊದಲ ವರ್ಷವೇ ಅವನ ವ್ರತಕ್ಕೆ ಪರೀಕ್ಷೆ ಬಂದಿತು. ೧೯೦೭ರ ಅಕ್ಟೋಬರಿನಲ್ಲಿ ಜುರುಎನಾ ನದಿಯ ಕಡೆಗೆ ದಾರಿ ನೋಡಲು ಹೋದಾಗ ನಂಬಿಕ್ವಾರಾ ಜನರು ಪೊದೆಯ ಮರೆಯಿಂದ ಬಾಣ ಬಿಟ್ಟರು. ರಬ್ಬರಿನವರ ಬಂದೂಕಗಳನ್ನು ಕಂಡಿದ್ದವರಿಗೆ ಈ ಗುಂಪೂ ಅದೇ ಜಾತಿಯೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಒಂದು ಬಾಣ ರೊಂಡೋನನಿಗೇ ತಗುಲಿತು. ಗುಂಡುಗಳ ಪಟ್ಟಿಯ ತೊಗಲಿಗೆ ನಾಟಿದ್ದರಿಂದ ಮೈಯನ್ನು ಮುಟ್ಟಲಿಲ್ಲ. ಜೊತೆಯವರ ರಕ್ತ ಕುದಿಯಿತು. ಬೆನ್ನಟ್ಟಿ ಬುದ್ಧಿ ಕಲಿಸಬೇಕೆಂದರು. ಸೈನ್ಯದ ರೀತಿಯಲ್ಲಿ ಅದು ಸಹಜವಾದ ಮಾತು. ಅವನು ಹಿಂದಿರುಗಲು ಆಜ್ಞೆ ಮಾಡಿದನು. ಅವನ ವಾದ ಸರಳವಾಗಿತ್ತು. ಈ ನೆಲ ಅವರದು, ಕರೆಯದೆ ಬಂದವರು ನಾವು. ತಮ್ಮ ಮನೆಯನ್ನು ಕಾಯುವವರ ಮೇಲೆ ಸೇಡು ಎಂಬುದಕ್ಕೆ ಅರ್ಥವಿಲ್ಲ. ಸಾವು ಬಂದರೆ ತನ್ನ ಜನ ಅದನ್ನು ಸ್ವೀಕರಿಸಬೇಕೇ ಹೊರತು ಎದುರಿನವನಿಗೆ ಕೊಡಕೂಡದೆಂಬುದು ಅಂದಿನಿಂದ ಅವನ ದಳದ ನಿಯಮವಾಯಿತು.

ಇದನ್ನು ಓದುವಾಗ ನಮಗೆ ಸುಲಭವಾಗಿ ಕಣ್ಣೀರು ಬರಬಹುದು. ಆದರೆ ಈ ನಿಯಮವನ್ನು ಪಾಲಿಸಬೇಕಾದವರು ಯಾರೆಂಬುದನ್ನೂ ನೋಡಬೇಕೆಂದು ನನಗೆ ತೋರುತ್ತದೆ. ಅವನ ದಳದ ಸಿಪಾಯಿಗಳಲ್ಲಿ ಅನೇಕರು ಸ್ವಂತ ಇಷ್ಟದಿಂದ ಬಂದವರಲ್ಲ. ಶಿಕ್ಷೆಯಾಗಿ ಕಾಡಿಗೆ ಕಳುಹಲ್ಪಟ್ಟವರು, ಪಟ್ಟಣಗಳ ಬಡವರು. ಅವರು ಓಡಿಹೋದರೆ, ತಿರುಗಿ ಬಿದ್ದರೆ ಕಠಿನ ದಂಡನೆಯಿತ್ತು; ಕಾನೂನು ನಿಷೇಧಿಸಿದ್ದ ಛಡಿಯೇಟನ್ನು ಕೂಡ ರೊಂಡೋನನು ಒಮ್ಮೊಮ್ಮೆ ಹೊಡೆಸಿದ್ದುಂಟು. ಬಾಣ ಬಿಟ್ಟವರನ್ನು ಕ್ಷಮಿಸಿದವನು ಕೈಕೆಳಗಿನವರ ವಿಷಯದಲ್ಲಿ ಅಷ್ಟು ಉದಾರಿಯಾಗಿರಲಿಲ್ಲ. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಪುಟಗಳನ್ನು ಹರಿದು ಹಾಕುವುದು ನಮ್ಮಲ್ಲಿಯೂ ವಾಡಿಕೆಯಾಗಿದೆ. ಹರಿದರೆ ಮೂರ್ತಿ ಉಳಿಯುತ್ತದೆ, ಮನುಷ್ಯ ಹೋಗುತ್ತಾನೆ.

೧೯೦೯ರ ನಡುವಿನಲ್ಲಿ ಅವನು ಜುರುಎನಾದಿಂದ ಮದೇರಾದ ಕಡೆಗೆ ನಡೆದ ಯಾತ್ರೆ ಅವನ ಸಾಹಸಗಳಲ್ಲಿ ದೊಡ್ಡದು. ತಂದ ಆಹಾರ ನಡುದಾರಿಯಲ್ಲಿ ತೀರಿತು. ಬೇಟೆ, ಕಾಡುಜೇನು, ಹಣ್ಣು, ತಾಳೆಯ ತಿರುಳು, ಇವುಗಳಿಂದ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡರು. ಡಿಸೆಂಬರಿನ ಕೊನೆಗೆ ಮದೇರಾ ತೀರಕ್ಕೆ ಬಂದಾಗ ಮೈಮೇಲೆ ಬಟ್ಟೆಯೂ ಸರಿಯಾಗಿ ಉಳಿದಿರಲಿಲ್ಲ. ಆ ದಾರಿಯಲ್ಲಿ ಯಾವ ಭೂಪಟದಲ್ಲಿಯೂ ಇಲ್ಲದ ನದಿಯೊಂದರ ಮೂಲ ಸಿಕ್ಕಿತು. ಅದು ಹರಿದು ಎಲ್ಲಿಗೆ ಸೇರುವುದೆಂಬುದು ತಿಳಿಯದೆ ರೊಂಡೋನನು ಅದಕ್ಕೆ ಸಂದೇಹದ ನದಿ ಎಂದೇ ಹೆಸರಿಟ್ಟನು.

ಅತ್ತ ನಾಗರಿಕ ಬ್ರೆಜಿಲಿನಲ್ಲಿ ಬೇರೊಂದು ಬಗೆಯ ವಾದ ನಡೆಯುತ್ತಿತ್ತು. ರೈಲುದಾರಿಗೂ ಕಾಫಿ ತೋಟಗಳಿಗೂ ಅಡ್ಡವಾಗಿರುವ ಕೈಂಗಾಂಗ್ ಜನರನ್ನು ನಿರ್ಮೂಲ ಮಾಡುವುದಲ್ಲದೆ ಬೇರೆ ಉಪಾಯವಿಲ್ಲವೆಂದು ಸಾವೊ ಪಾಲೊ ವಸ್ತುಸಂಗ್ರಹಾಲಯದ ಮುಖ್ಯಸ್ಥನೂ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನೂ ಆದ ಹೆರ್ಮನ್ ಫಾನ್ ಈಹರಿಂಗ್ ಬರೆದಿದ್ದನು. ವಿಜ್ಞಾನದ ಪೀಠದಿಂದ ಬಂದ ಈ ಮಾತಿಗೆ ದೇಶದಲ್ಲಿ ದೊಡ್ಡ ಪ್ರತಿಭಟನೆ ಎದ್ದಿತು. ಕಾಡಿನಿಂದ ಹಿಂದಿರುಗಿದ ರೊಂಡೋನನ ಅನುಭವವೇ ಅದಕ್ಕೆ ಜೀವಂತ ಉತ್ತರವಾಯಿತು. ೧೯೧೦ರ ಜೂನ್ ೨೦ರಂದು ಸರ್ಕಾರ ಇಂಡಿಯನ್ ರಕ್ಷಣಾ ಇಲಾಖೆಯನ್ನು ಸ್ಥಾಪಿಸಿ ಅವನನ್ನೇ ಮೊದಲ ನಿರ್ದೇಶಕನನ್ನಾಗಿ ಮಾಡಿತು. ಎರಡು ವರ್ಷಗಳಲ್ಲಿ ಅದೇ ಕೈಂಗಾಂಗ್ ಜನರೊಡನೆ ಇಲಾಖೆಯವರು ಗುಂಡು ಹಾರಿಸದೆ ಸಂಧಾನ ಮಾಡಿದರು. ರೀತಿ ಎಲ್ಲೆಡೆಯೂ ಒಂದೇ. ಕಾಡಿನ ಅಂಚಿನಲ್ಲಿ ಬಿಡಾರ ಮಾಡಿ ಕೊಡಲಿ, ಕತ್ತಿ, ಮಣಿ ಮುಂತಾದ ಕಾಣಿಕೆಗಳನ್ನು ಇಟ್ಟು ಬರುವುದು. ಬಾಣ ಬಂದರೂ ತಾಳಿಕೊಳ್ಳುವುದು. ಅವರಾಗಿ ಬರುವ ತನಕ, ತಿಂಗಳುಗಳಾಗಲಿ ವರ್ಷಗಳಾಗಲಿ, ಕಾಯುವುದು.

ಹೊರಗಿನ ಪ್ರಪಂಚ ರೊಂಡೋನನ ಹೆಸರನ್ನು ಕೇಳಿದ್ದು ೧೯೧೪ರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಚುನಾವಣೆಯಲ್ಲಿ ಸೋತ ಬೇಸರವನ್ನು ಕಳೆಯಲೋ ಎಂಬಂತೆ, ದಕ್ಷಿಣ ಅಮೆರಿಕಕ್ಕೆ ಬಂದಿದ್ದನು. ಸಂದೇಹದ ನದಿಯನ್ನು ಕಡೆಯವರೆಗೆ ಇಳಿದು ನೋಡೋಣವೆಂದು ಇಬ್ಬರೂ ಒಪ್ಪಿದರು. ಫೆಬ್ರವರಿ ೨೭ರಂದು ಮರದ ದಿಮ್ಮಿ ಕೊರೆದ ಏಳು ದೋಣಿಗಳಲ್ಲಿ ೨೨ ಜನ ಹೊರಟರು. ಮುಂದಿನ ಎರಡು ತಿಂಗಳು ಕಷ್ಟಪರಂಪರೆ. ನದಿಯ ಧುಮುಕುಗಳಲ್ಲಿ ದೋಣಿಗಳು ಒಡೆದವು. ಒಬ್ಬನು ಮುಳುಗಿ ಸತ್ತನು. ಕೂಲಿಯಾಳೊಬ್ಬನು ಸಾರ್ಜೆಂಟನನ್ನು ಗುಂಡಿಟ್ಟು ಕೊಂದು ಕಾಡಿನಲ್ಲಿ ಓಡಿಹೋದನು. ರೂಸ್‌ವೆಲ್ಟನ ಕಾಲಿನ ಗಾಯ ಕೀತು, ಜ್ವರ ಏರಿ, ತನ್ನನ್ನು ಬಿಟ್ಟು ಮುಂದೆ ನಡೆಯಿರೆಂದು ಆತ ಮಗನೊಡನೆ ಹೇಳುವ ಸ್ಥಿತಿ ಬಂದಿತು.

ಇಬ್ಬರು ನಾಯಕರ ಸ್ವಭಾವ ಈ ಸಂಕಟದಲ್ಲಿ ಚೆನ್ನಾಗಿ ಬೆಳಕಿಗೆ ಬಂದಿತು. ರೂಸ್‌ವೆಲ್ಟನಿಗೆ ಬೇಗ ಹೊರಗೆ ಬೀಳಬೇಕು. ರೊಂಡೋನನಿಗೆ ನದಿಯ ಒಂದೊಂದು ತಿರುವನ್ನೂ ಅಳೆದು ಬರೆಯಬೇಕು. ಕೊಲೆಗಾರನನ್ನು ಕಂಡಲ್ಲಿ ಸುಡಬೇಕೆಂದು ಒಬ್ಬನ ಮತ. ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಇನ್ನೊಬ್ಬನ ಹಟ. ಒಂದು ದಿನ ಬೇಟೆಗೆ ಹೋದಾಗ ರೊಂಡೋನನ ಮುಂದೆ ಓಡಿದ ನಾಯಿ ಬಾಣ ತಗುಲಿ ಸತ್ತಿತು. ಅದು ಸಾಯದಿದ್ದರೆ ಆ ಬಾಣ ಅವನಿಗೇ ಬೀಳುತ್ತಿತ್ತು. ಆತನು ಅಲ್ಲಿ ಕೊಡಲಿ, ಮಣಿಸರಗಳನ್ನು ಕಾಣಿಕೆಯಾಗಿ ಬಿಟ್ಟು ಮುಂದೆ ಸಾಗಿದನು. ಅವರನ್ನು ಕಾಡಿನ ಮರೆಯಿಂದ ನೋಡುತ್ತಿದ್ದವರು ಸಿಂತಾ ಲಾರ್ಗಾ ಜನ. ಬಯಸಿದ್ದರೆ ಅವರು ಹಸಿದು ಬಡಕಲಾದ ಆ ಗುಂಪನ್ನು ಒಂದು ರಾತ್ರಿಯಲ್ಲಿ ಮುಗಿಸಬಹುದಾಗಿತ್ತು. ಹೋಗಗೊಟ್ಟರು. ಏಪ್ರಿಲಿನ ಕೊನೆಗೆ ಯಾತ್ರಿಕರು ಎದುರುಗೊಳ್ಳಲು ಬಂದಿದ್ದ ತಂಡವನ್ನು ಕೂಡಿಕೊಂಡರು. ನದಿಗೆ ರೂಸ್‌ವೆಲ್ಟನ ಹೆಸರಿಟ್ಟದ್ದಾಯಿತು. ಅವರನ್ನು ಬದುಕಗೊಟ್ಟವರಿಗೆ ಇದರಿಂದ ಏನು ಬಂದಿತೆಂಬುದನ್ನು ಮುಂದೆ ನೋಡಲಿದ್ದೇವೆ.

೧೯೧೫ರ ಜನವರಿ ೧ರಂದು ಮದೇರಾ ತೀರದ ಸಾಂತೊ ಅಂತೋನಿಯೊದಲ್ಲಿ ತಂತಿಯ ಕೆಲಸ ಪೂರ್ತಿಯಾಯಿತು. ವಿಧಿಯ ವಿನೋದವೆಂದರೆ, ಅಷ್ಟು ಹೊತ್ತಿಗೆ ತಂತಿಯೇ ಬೇಡದ ರೇಡಿಯೋ ಸಂದೇಶ ಲೋಕಕ್ಕೆ ಬಂದಾಗಿತ್ತು. ಅಮೆಜಾನಿನ ರಬ್ಬರಿಗೂ ಏಷ್ಯದ ತೋಟಗಳ ರಬ್ಬರಿನ ಮುಂದೆ ಬೆಲೆ ಬಿದ್ದುಹೋಗಿತ್ತು. ೧೯೩೮ರಲ್ಲಿ ಆ ದಾರಿಯಲ್ಲಿ ಹೋದ ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ ಕಂಡದ್ದು ಜೋತುಬಿದ್ದ ತಂತಿಯನ್ನು, ವರ್ಷಗಟ್ಟಲೆ ಸಂಬಳ ಸಾಮಾನುಗಳಿಗೆ ಕಾದು ಮರೆತುಹೋದಂತಿದ್ದ ತಂತಿಮನೆಯ ನೌಕರರನ್ನು. ಹಾಗಾದರೆ ಅಷ್ಟು ಸಾವುನೋವುಗಳಿಂದ ಉಳಿದದ್ದೇನು? ಉಳಿದದ್ದು ತಿಳಿವಳಿಕೆ. ಹನ್ನೆರಡಕ್ಕೂ ಮಿಕ್ಕ ನದಿಗಳು ಭೂಪಟಕ್ಕೆ ಬಂದವು. ಸಸ್ಯ, ಪ್ರಾಣಿ, ಶಿಲೆಗಳ ಸಂಗ್ರಹ ರಿಯೊ ನಗರದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ರಾಶಿರಾಶಿಯಾಗಿ ಹೋಯಿತು. ೧೯೧೨ರಲ್ಲಿ ದಳದೊಡನೆ ಹೋದ ರೊಕೆಟ್-ಪಿಂಟೊ ಎಂಬ ವಿದ್ವಾಂಸನು ಪರೆಸಿ, ನಂಬಿಕ್ವಾರಾ ಜನರ ಹಾಡುಗಳನ್ನು ಫೋನೋಗ್ರಾಫಿನಲ್ಲಿ ಹಿಡಿದನು. ಅವನು ೧೯೧೭ರಲ್ಲಿ ಬರೆದ ಗ್ರಂಥದ ಹೆಸರೇ ರೊಂಡೋನಿಯ. ಪ್ರಾಂತಕ್ಕೆ ಹೆಸರು ಸಿಕ್ಕಿದ್ದು ಅಲ್ಲಿಂದ.

ಕಳೆದುಹೋದದ್ದನ್ನೂ ಹೇಳಬೇಕು. ಬಂದೂಕ ಸುಮ್ಮನಿದ್ದರೂ ರೋಗ ಸುಮ್ಮನಿರಲಿಲ್ಲ. ದಡಾರ, ಶೀತಜ್ವರಗಳಿಗೆ ಎಂದೂ ಒಡ್ಡಿಕೊಂಡಿರದ ಜನರ ನಡುವೆ ಕಾಣಿಕೆ ತಂದ ಕೈಗಳೇ ಅವನ್ನೂ ತಂದವು. ನಂಬಿಕ್ವಾರಾ ಗುಂಪುಗಳು ಕರಗಿಹೋದವು. ಪರೆಸಿ ಜನರನ್ನು ರೊಂಡೋನನು ರಬ್ಬರಿನವರ ಹಿಡಿತದಿಂದ ಬಿಡಿಸಿ ಉತಿಯಾರಿತಿ ಮುಂತಾದ ತಂತಿಮನೆಗಳ ಬಳಿ ನೆಲೆಗೊಳಿಸಿದನು. ಶಾಲೆ ಹಾಕಿದನು, ಬಟ್ಟೆ ತೊಡಿಸಿದನು, ರಾಷ್ಟ್ರಧ್ವಜಕ್ಕೆ ವಂದಿಸುವುದನ್ನು ಕಲಿಸಿದನು. ಬಲವಂತವಿಲ್ಲದಿದ್ದರೂ ಇದು ಅವರನ್ನು ನಮ್ಮಂತೆ ಮಾಡುವ ಯತ್ನವೇ ಅಲ್ಲವೆ? ಅವರು ಅವರಾಗಿಯೇ ಉಳಿಯಬಹುದೆಂಬ ಭಾವನೆ ಕೋಂತನ ಮೆಟ್ಟಿಲುಗಳ ಲೆಕ್ಕದಲ್ಲಿ ಇರಲಿಲ್ಲ. ಅದು ಅವನಲ್ಲಿ ಬೆಳೆದದ್ದು ಇಳಿವಯಸ್ಸಿನಲ್ಲಿ.

ಆ ಇಳಿವಯಸ್ಸು ದೀರ್ಘವಾಗಿತ್ತು. ೧೯೨೭ರಿಂದ ದೇಶದ ಗಡಿಗಳನ್ನೆಲ್ಲ ಸುತ್ತಿ ಪರೀಕ್ಷಿಸಿದನು. ೧೯೩೦ರ ಕ್ರಾಂತಿಯಲ್ಲಿ ಹೊಸ ಸರ್ಕಾರದವರಿಂದ ಸೆರೆಯಾಗಿ ಅಧಿಕಾರ ಕಳೆದುಕೊಂಡನು. ಆದರೂ ಕೊಲಂಬಿಯ, ಪೆರು ದೇಶಗಳ ನಡುವಣ ಲೆತಿಸಿಯ ವಿವಾದವನ್ನು ಶಾಂತವಾಗಿ ಮುಗಿಸುವ ಆಯೋಗಕ್ಕೆ ಅಧ್ಯಕ್ಷ ಬೇಕಾದಾಗ ಅವನನ್ನೇ ಕರೆದರು. ೧೯೩೪ರಿಂದ ೧೯೩೮ರವರೆಗೆ, ಎಪ್ಪತ್ತು ದಾಟಿದ ಮುದುಕ, ಅಮೆಜಾನಿನ ಸೆಕೆಯಲ್ಲಿ ಕುಳಿತು ಆ ಕೆಲಸವನ್ನು ಪೂರೈಸಿದನು. ವಿಜ್ಞಾನಿ ಐನ್‌ಸ್ಟೈನ್ ೧೯೨೫ರಲ್ಲಿ ಬ್ರೆಜಿಲಿಗೆ ಬಂದಿದ್ದಾಗ ಇವನ ವಿಷಯ ಕೇಳಿ, ಮುಖತಃ ಕಾಣದಿದ್ದರೂ, ನೊಬೆಲ್ ಶಾಂತಿ ಬಹುಮಾನಕ್ಕೆ ಇವನ ಹೆಸರನ್ನು ಸೂಚಿಸಿ ಪತ್ರ ಬರೆದನು. ಬಹುಮಾನ ಬರಲಿಲ್ಲ. ೧೯೩೯ರಲ್ಲಿ ಇಂಡಿಯನ್ ರಕ್ಷಣಾ ಮಂಡಲಿಗೆ ಅಧ್ಯಕ್ಷನಾದನು. ವಿಲಾಸ್ ಬೋವಾಸ್ ಸಹೋದರರು, ಡಾರ್ಸಿ ರಿಬೇರೊ ಮುಂತಾದ ಕಿರಿಯರೊಡನೆ ಸೇರಿ, ಶಿಂಗು ನದಿಯ ಸೀಮೆಯನ್ನು ಅಲ್ಲಿನ ಜನರಿಗೇ ಕಾದಿಡಬೇಕೆಂಬ ಸೂಚನೆಯನ್ನು ೧೯೫೨ರಲ್ಲಿ ಮುಂದಿಟ್ಟನು. ಇಲ್ಲಿ ಅವನ ವಿಚಾರ ಒಂದು ತಿರುವನ್ನು ಪಡೆದುದು ನನಗೆ ಕಾಣುತ್ತದೆ. ಕಾಡಿನವರನ್ನು ಹೊರಕ್ಕೆ ಕರೆತರುವ ಮಾತು ಹಿಂದೆ ಸರಿದು, ಹೊರಗಿನವರು ಒಳಕ್ಕೆ ಹೋಗದಂತೆ ಗೆರೆ ಎಳೆಯುವ ಮಾತು ಮುಂದೆ ಬಂದಿತು.

೧೯೫೫ರಲ್ಲಿ, ತೊಂಬತ್ತು ತುಂಬಿದಾಗ, ಸಂಸತ್ತು ಅವನಿಗೆ ಮಾರ್ಷಲ್ ಪದವಿಯನ್ನು ಕೊಟ್ಟಿತು. ಮರುವರ್ಷ ಗ್ವಾಪೊರೆ ಎಂಬ ಪ್ರಾಂತಕ್ಕೆ ರೊಂಡೋನಿಯ ಎಂಬ ಹೆಸರಾಯಿತು. ಆಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ತನ್ನ ಹೆಸರು ಹೊತ್ತ ಭೂಪಟವನ್ನು ನೋಡುವ ಭಾಗ್ಯ ಅದನ್ನು ಬರೆದವನಿಗೆ ಇಲ್ಲವಾಯಿತು. ೧೯೫೮ರ ಜನವರಿ ೧೯ರಂದು ರಿಯೊ ನಗರದಲ್ಲಿ ಅವನು ತೀರಿಕೊಂಡನು. ಸಮಾಧಿಯ ಬಳಿ ಮಾತನಾಡಿದ ಡಾರ್ಸಿ ರಿಬೇರೊ ಅವನ ಬಾಳಿನಿಂದ ನಾಲ್ಕು ಸೂತ್ರಗಳನ್ನು ಎತ್ತಿ ಹೇಳಿದನು: ಕೊಲ್ಲದಿರುವುದು, ಆ ಜನಗಳನ್ನು ಸ್ವತಂತ್ರ ಜನಾಂಗಗಳೆಂದು ಗೌರವಿಸುವುದು, ಅವರ ನೆಲವನ್ನು ಅವರಿಗೆ ಉಳಿಸುವುದು, ಸರ್ಕಾರವೇ ಅವರ ರಕ್ಷಣೆಯ ಹೊಣೆ ಹೊರುವುದು.

ನಾಲ್ಕನೆಯ ಸೂತ್ರವೇ ಮೊದಲು ಮುರಿಯಿತು. ಅವನು ಸ್ಥಾಪಿಸಿದ ಇಲಾಖೆ ಅವನ ಬಳಿಕ ಕೊಳೆಯಿತು. ೧೯೬೩ರಲ್ಲಿ, ಹಿಂದೆ ರೊಂಡೋನನನ್ನು ಹೋಗಗೊಟ್ಟ ಸಿಂತಾ ಲಾರ್ಗಾ ಜನರ ಹಳ್ಳಿಯೊಂದರ ಮೇಲೆ ರಬ್ಬರಿನವರ ಬಾಡಿಗೆ ಬಂಟರು ವಿಮಾನದಿಂದ ಸಿಡಿಮದ್ದು ಎಸೆದು, ಅನಂತರ ನೆಲದ ಮೇಲೆ ಬಂದು ಕೊಂದರು. ೧೯೬೭ರ ಸರ್ಕಾರಿ ವಿಚಾರಣೆ ಇಲಾಖೆಯ ನೌಕರರೇ ನಡೆಸಿದ ಕೊಲೆ, ಕಳವು, ಹಿಂಸೆಗಳನ್ನು ಸಾವಿರಾರು ಪುಟಗಳಲ್ಲಿ ಬಯಲಿಗೆ ತಂದಿತು. ಇಲಾಖೆಯನ್ನು ಮುಚ್ಚಿ ಬೇರೊಂದನ್ನು ಸ್ಥಾಪಿಸಬೇಕಾಯಿತು. ಆ ವರದಿ ಬಹುಕಾಲ ಕಣ್ಮರೆಯಾಗಿದ್ದು ೨೦೧೩ರಲ್ಲಿ ಮತ್ತೆ ಸಿಕ್ಕಿತು. ತಂತಿಯ ಓಣಿಯ ಜಾಡಿನಲ್ಲಿಯೇ ಹೆದ್ದಾರಿ ಬಂದು, ೧೯೮೪ರಲ್ಲಿ ಅದಕ್ಕೆ ಡಾಂಬರು ಬಿತ್ತು. ಭೂಮಿಯಿಲ್ಲದ ದಕ್ಷಿಣದ ರೈತರು ಲಕ್ಷಗಟ್ಟಲೆ ಬಂದರು. ೧೯೫೦ರಲ್ಲಿ ೩೭,೦೦೦ವಿದ್ದ ಜನಸಂಖ್ಯೆ ೧೯೯೧ರ ಹೊತ್ತಿಗೆ ೧೧ ಲಕ್ಷವನ್ನು ಮೀರಿತು. ಕಾಡು ಮೀನಿನ ಮುಳ್ಳಿನಂತೆ ಕವಲೊಡೆದ ದಾರಿಗಳ ಇಕ್ಕೆಲದಲ್ಲಿ ಉರಿದುಹೋಯಿತು.

ಇಷ್ಟನ್ನು ಎದುರಿಗಿಟ್ಟುಕೊಂಡು ಮೊದಲಿನ ಪ್ರಶ್ನೆಗೆ ಬರೋಣ. ದಾರಿ ಕಡಿದವನು ರೊಂಡೋನ್; ಅದನ್ನು ಅಲ್ಲವೆನ್ನಲಾಗದು. ಅವನು ಹೋಗದಿದ್ದರೆ ಕಾಡು ಹಾಗೆಯೇ ಉಳಿಯುತ್ತಿತ್ತೆಂದು ಮಾತ್ರ ನಾನು ನಂಬಲಾರೆ. ರಬ್ಬರಿನವರು ನದಿಯ ಬಾಯಲ್ಲಿ ಆಗಲೇ ಇದ್ದರು, ಅವರ ಹಿಂದೆ ನಿರ್ಮೂಲದ ಶಾಸ್ತ್ರವೂ ಸಿದ್ಧವಾಗಿತ್ತು. ಅವನು ದಾರಿಯ ಜೊತೆಗೆ ಒಂದು ಅಳತೆಗೋಲನ್ನೂ ಬಿಟ್ಟುಹೋದನು. ೧೯೬೭ರ ವಿಚಾರಣೆಯವರು ಇಲಾಖೆಯನ್ನು ಅಪರಾಧಿಯೆನ್ನಲು ಸಾಧ್ಯವಾದದ್ದು, ಅದರ ಕರ್ತವ್ಯವೇನೆಂಬುದನ್ನು ೧೯೧೦ರಲ್ಲಿಯೇ ಅವನು ಬರೆಯಿಸಿಟ್ಟಿದ್ದುದರಿಂದ. ಶಿಂಗು ಸೀಮೆ ೧೯೬೧ರಲ್ಲಿ ರಕ್ಷಿತ ಪ್ರದೇಶವಾಯಿತು. ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಆದಿಯಿಂದ ಬಂದ ಹಕ್ಕಿದೆಯೆಂದು ೧೯೮೮ರ ಸಂವಿಧಾನ ಒಪ್ಪಿಕೊಂಡಿತು. ಆ ಹಕ್ಕಿಗಾಗಿ ಇಂದು ನ್ಯಾಯಾಲಯಗಳಲ್ಲಿ ಹೋರಾಡುತ್ತಿರುವವರು ಆ ಜನರ ಮಕ್ಕಳೇ, ತಮ್ಮ ಬಾಯಿಯಿಂದಲೇ.

ಒಬ್ಬ ಮನುಷ್ಯನ ಅಹಿಂಸೆ ಅವನ ಕೈಯನ್ನು ಶುದ್ಧವಾಗಿಡಬಲ್ಲದು. ಅವನ ಹಿಂದೆ ಬರುವವರ ಕೈಯನ್ನು ಕಾಯಲು ಕಾನೂನು ಬೇಕು, ಕಾನೂನನ್ನು ಕಾಯಲು ಎಚ್ಚತ್ತ ಜನ ಬೇಕು. ರೊಂಡೋನನು ಮೊದಲನೆಯದನ್ನು ತಾನೇ ಪಾಲಿಸಿದನು, ಎರಡನೆಯದಕ್ಕಾಗಿ ದುಡಿದನು. ಮೂರನೆಯದು ಯಾವ ಒಬ್ಬನ ಆಯುಷ್ಯದಲ್ಲಿಯೂ ಮುಗಿಯುವ ಕೆಲಸವಲ್ಲ. ಕಾಡೂ ಕಾಡಿನ ಜನರೂ ನಮ್ಮ ನಾಡಿನಲ್ಲಿಯೂ ಇದ್ದಾರೆ. ಅವರ ಕಡೆಗೆ ಹೋಗುವ ದಾರಿಗಳು ದಿನದಿನಕ್ಕೆ ಅಗಲವಾಗುತ್ತಿವೆ. ಆ ದಾರಿಗಳಲ್ಲಿ ಯಾರು ಹೋಗುತ್ತಿದ್ದಾರೆ, ಕೈಯಲ್ಲಿ ಏನನ್ನು ಹಿಡಿದಿದ್ದಾರೆ ಎಂದು ನೋಡುವ ಕಣ್ಣು ನಮ್ಮ ವಿದ್ಯಾರ್ಥಿಗಳಿಗೆ ಬರುವುದಾದರೆ, ದೂರ ದೇಶದ ಈ ಸೇನಾನಿಯ ಕಥೆಯನ್ನು ಓದಿದ್ದು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.